ಮರುಭರ್ತಿ ಮಾಡಿದ ತೋಟೆಗಳಲ್ಲಿ ಕಾಣುವ ದೋಷಗಳು: ಲಕ್ಷಣದಿಂದ ಕಾರಣದವರೆಗೆ

ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕೂತು ಪೆಟ್ಟು ಬಿದ್ದಾಗ ಕಿಡಿ ಹೊತ್ತಿಸುವ ಪ್ರೈಮರ್, ಒಳಗಿನ ಮದ್ದು, ಬಾಯಲ್ಲಿ ಸಿಕ್ಕಿಸಿದ ಗುಂಡು, ಈ ನಾಲ್ಕು ಸೇರಿದರೆ ಒಂದು ತೋಟೆಯಾಗುತ್ತದೆ. ಹಾರಿಸಿದ ಮೇಲೆ ಉಳಿಯುವುದು ಕೇಸ್ ಮಾತ್ರ. ಅದನ್ನು ಮತ್ತೆ ಅಳತೆಗೆ ತಂದು, ಉಳಿದ ಮೂರನ್ನು ಹೊಸದಾಗಿ ತುಂಬುವ ಕೆಲಸವೇ ಮರುಭರ್ತಿ. ಈ ಕೆಲಸಕ್ಕೆ ಹಲವು ದೇಶಗಳಲ್ಲಿ ಪರವಾನಗಿ ಬೇಕು, ಕೆಲವೆಡೆ ನಿಷೇಧವೂ ಇದೆ. ಕಾನೂನು ಒಪ್ಪುವ ಜಾಗದಲ್ಲಿದ್ದು, ಮದ್ದು ತಯಾರಕರು ಪ್ರಕಟಿಸಿದ ಭರ್ತಿ ಕೈಪಿಡಿಯನ್ನು ಮುಂದಿಟ್ಟುಕೊಂಡು ಕೆಲಸ ಮಾಡುವವರಿಗಾಗಿ ಈ ಬರಹ. ಯಾವ ಗುಂಡಿಗೆ ಎಷ್ಟು ಮದ್ದು ಎಂಬುದನ್ನು ಆ ಕೈಪಿಡಿಯೇ ಹೇಳಬೇಕಾದ್ದರಿಂದ ಅಂಥ ಅಂಕಿಗಳು ಇಲ್ಲಿಲ್ಲ.

ದೋಷ ಬಂದೂಕಿನಲ್ಲಿ ಕಾಣಿಸಿಕೊಂಡರೂ ಅದು ಹುಟ್ಟುವುದು ಬಹುಪಾಲು ಕೆಲಸದ ಮೇಜಿನ ಮೇಲೆಯೇ. ಉದ್ದ ಅಳೆಯುವ ಕ್ಯಾಲಿಪರ್, ತಕ್ಕಡಿ, ತೋಟೆಯನ್ನು ಇಳಿಸಿ ಅಳತೆ ಸರಿಯಿದೆಯೇ ಎಂದು ನೋಡುವ ಕೇಸ್ ಗೇಜ್ ಈ ಮೂರು ಸರಿಯಾಗಿದ್ದು, ಅವುಗಳನ್ನು ನಿಜವಾಗಿಯೂ ಬಳಸುತ್ತಿದ್ದರೆ, ಕೆಳಗಿನ ಲಕ್ಷಣಗಳಲ್ಲಿ ಹೆಚ್ಚಿನವು ಟ್ರಿಗರಿನವರೆಗೆ ಬರುವುದೇ ಇಲ್ಲ. ಪ್ರತಿ ಲಕ್ಷಣದಡಿಯಲ್ಲಿ ಮೊದಲು ಖರ್ಚಿಲ್ಲದ ಪರೀಕ್ಷೆ, ಆಮೇಲೆ ಕಷ್ಟದ್ದು ಎಂಬ ಕ್ರಮವನ್ನು ಅನುಸರಿಸಿದ್ದೇನೆ. ಏನನ್ನು ಬದಲಿಸುವುದಿದ್ದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪುಸ್ತಕದಲ್ಲಿ ಬರೆದಿಡಿ. "ಸದ್ದು ಸಣ್ಣದಾಗಿತ್ತು" ಎಂಬ ಭಾಗವನ್ನು ಮಾತ್ರ, ಸದ್ಯ ಅಂಥ ತೊಂದರೆ ಇಲ್ಲದವರೂ ಮೊದಲೇ ಓದಿಕೊಳ್ಳಬೇಕು. ಆ ಲಕ್ಷಣ ಎದುರಾದಾಗ ಓದಲು ಸಮಯ ಇರುವುದಿಲ್ಲ.

ತೋಟೆ ಚೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡಿಗೆ) ಪೂರ್ತಿ ಇಳಿಯುತ್ತಿಲ್ಲ

ಮೊದಲು ತೋಟೆಯನ್ನು ಬೆಳಕಿಗೆ ಹಿಡಿದು ಮೈಯನ್ನೆಲ್ಲ ನೋಡಿ. ಕೇಸಿಗೆ ಹಚ್ಚಿ ಒರೆಸದೆ ಉಳಿದ ಲ್ಯೂಬ್ (ಜಾರಿಸುವ ಎಣ್ಣೆ), ಬಾಯಿಯ ಬಳಿ ಕೆರೆದು ಸುರುಳಿಯಾದ ಸೀಸ, ಕೇಸ್ ಕತ್ತಿನ ಕಡೆಗೆ ಕಿರಿದಾಗುವ ಭಾಗವಾದ ಭುಜದ ಕೆಳಗಿನ ಸಣ್ಣ ಉಬ್ಬು, ಇವು ಬರಿಗಣ್ಣಿಗೇ ಸಿಗುತ್ತವೆ. ಭುಜದ ಕೆಳಗೆ ಉಬ್ಬಿದ್ದರೆ ಗುಂಡು ಕೂರಿಸುವ ಡೈ (ಪ್ರೆಸ್ ಎಂಬ ಒತ್ತುಯಂತ್ರಕ್ಕೆ ಸಿಕ್ಕಿಸುವ ಅಚ್ಚು) ಅತಿಯಾಗಿ ಕೆಳಗಿಳಿದು, ಬಾಯನ್ನು ಕ್ರಿಂಪ್ ಮಾಡುವ, ಅಂದರೆ ಒಳಗೆ ಮಡಿಸಿ ಬಿಗಿಯುವ ಭರದಲ್ಲಿ ಇಡೀ ಕೇಸನ್ನು ಕುಗ್ಗಿಸಿದೆ ಎಂದರ್ಥ.

ಕಣ್ಣಿಗೆ ಏನೂ ಕಾಣದಿದ್ದರೆ ಕೇಸ್ ಗೇಜಿಗೆ ಹಾಕಿ. ಪಿಸ್ತೂಲಾದರೆ ನಳಿಗೆಯನ್ನು ಕಳಚಿ, ಅದರ ಚೇಂಬರಿಗೇ ತೋಟೆಯನ್ನು ಬಿಟ್ಟು ನೋಡಬಹುದು. ಸರಿಯಿದ್ದ ತೋಟೆ ತನ್ನ ಭಾರಕ್ಕೆ ತಾನೇ ಟಕ್ ಎಂದು ಕೂರುತ್ತದೆ, ನಳಿಗೆಯನ್ನು ತಲೆಕೆಳಗು ಮಾಡಿದರೆ ತಾನೇ ಬೀಳುತ್ತದೆ. ಒತ್ತಬೇಕಾಗಿ ಬಂದರೆ ಅದು ಸರಿಯಿಲ್ಲ. ಕೂತರೂ ಬೆರಳಲ್ಲಿ ತಿರುಗಿಸಲು ಬಾರದಿದ್ದರೆ ಗುಂಡಿನ ಮೂತಿ ನಳಿಗೆಯ ಒಳಗಿನ ಸುರುಳಿಗೆರೆಗಳಿಗೆ ತಾಗುತ್ತಿದೆ, ಅಂದರೆ ತೋಟೆಯ ಒಟ್ಟು ಉದ್ದ ಹೆಚ್ಚಾಗಿದೆ ಎಂದು ತಿಳಿಯಬೇಕು.

ಮುಂದಿನದು ಕ್ಯಾಲಿಪರಿನ ಕೆಲಸ. ರೈಫಲ್ ಕೇಸ್ ಪ್ರತಿ ಸಲ ಹಾರಿ, ಮತ್ತೆ ಡೈಯಲ್ಲಿ ಒತ್ತಿಸಿಕೊಂಡಾಗ ಹಿತ್ತಾಳೆ ಕತ್ತಿನ ಕಡೆಗೆ ಹರಿದು ಕೇಸ್ ಉದ್ದವಾಗುತ್ತದೆ. ಉದಾಹರಣೆಗೆ .308 ವಿಂಚೆಸ್ಟರ್ ಎಂಬ ರೈಫಲ್ ತೋಟೆಯ ಕೇಸಿನ ಗರಿಷ್ಠ ಉದ್ದ 2.015 ಅಂಗುಲ, ಅಂದರೆ 51.18 ಮಿಲಿಮೀಟರ್. ಅದನ್ನು ದಾಟಿದ ಕೇಸ್ ಚೇಂಬರಿನ ತುದಿಗೆ ಒತ್ತಿ, ಗುಂಡನ್ನು ಬಿಗಿಯಾಗಿ ಅವುಚಿಕೊಂಡುಬಿಡುತ್ತದೆ. ಚೇಂಬರಿನ ಹಿಂಬದಿಯ ಮುಚ್ಚಳವಾದ ಬೋಲ್ಟನ್ನು ಬಲವಂತವಾಗಿ ಮುಚ್ಚಿ ಹಾರಿಸಿದರೆ ಗುಂಡು ಬಿಡುಗಡೆಯಾಗಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಆದ್ದರಿಂದ ಬಲ ಹಾಕಿ ಮುಚ್ಚುವುದು ಎಂದಿಗೂ ಪರಿಹಾರವಲ್ಲ. ಉದ್ದವಾದ ಕೇಸನ್ನು ಟ್ರಿಮ್ಮರಿನಲ್ಲಿ ಕತ್ತರಿಸಿ, ಬಾಯಿಯ ಒಳಗಿನ ಮತ್ತು ಹೊರಗಿನ ಚೂಪು ಅಂಚುಗಳನ್ನು ತೆಗೆಯಬೇಕು.

ಉದ್ದ ಸರಿಯಿದ್ದೂ ಬೋಲ್ಟ್ ಮುಚ್ಚದಿದ್ದರೆ, ಭುಜ ಸಾಕಷ್ಟು ಹಿಂದೆ ಸರಿದಿಲ್ಲ. ಡೈಯನ್ನು ಚೂರು ಚೂರೇ ಕೆಳಗಿಳಿಸಿ, ಖಾಲಿ ಕೇಸಿನಲ್ಲೇ ಪರೀಕ್ಷಿಸುತ್ತ ಬನ್ನಿ. ಬೋಲ್ಟ್ ರೈಫಲಿಗೆ ಭುಜ 0.001ರಿಂದ 0.002 ಅಂಗುಲದಷ್ಟು ಸರಿದರೆ ಸಾಕು. ಬೇಗ ಮುಗಿಯಲಿ ಎಂದು ಒಮ್ಮೆಗೇ ಅರ್ಧ ಸುತ್ತು ತಿರುಗಿಸಿದರೆ ಮುಂದೆ ಹೇಳಲಿರುವ ಹೊಳೆಯುವ ಉಂಗುರದ ತೊಂದರೆಗೆ ದಾರಿಯಾಗುತ್ತದೆ.

ಕೇಸ್ ಡೈಯೊಳಗೆ ಸಿಕ್ಕಿಕೊಂಡಿದೆ, ಭುಜ ನೆಗ್ಗಿದೆ, ಅಥವಾ ಪಿನ್ ಮುರಿದಿದೆ

ಸಿಕ್ಕಿಕೊಂಡದ್ದಕ್ಕೆ ಲ್ಯೂಬ್ ಕಡಿಮೆಯಾದದ್ದು ಕಾರಣ, ಭುಜದ ಮೇಲೆ ನೆಗ್ಗು ಬಿದ್ದದ್ದಕ್ಕೆ ಲ್ಯೂಬ್ ಹೆಚ್ಚಾದದ್ದು ಕಾರಣ. ಪಿಸ್ತೂಲಿನ ನೇರ ಗೋಡೆಯ ಕೇಸುಗಳಿಗೆ ಕಾರ್ಬೈಡ್ ಡೈ ಬಳಸಿದರೆ ಲ್ಯೂಬಿನ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಸಿಕ್ಕಿಕೊಂಡ ಕೇಸನ್ನು ಪ್ರೆಸ್ಸಿನ ಹಿಡಿಯ ಮೇಲೆ ಭಾರ ಬಿಟ್ಟು ಎಳೆದರೆ ಬುಡದ ಅಂಚು ಹರಿದುಹೋಗುತ್ತದೆ. ಬುಡಕ್ಕೆ ತೂತು ಕೊರೆದು, ಅದರಲ್ಲಿ ತಿರುಪಿನ ಗೆರೆ ಮಾಡಿ, ತಿರುಪು ಬೋಲ್ಟಿನಿಂದ ಎಳೆಯುವ ಸಾಧನವನ್ನು ಬಳಸಬೇಕು. ಆದರೆ ಕೇಸಿನಲ್ಲಿ ಹಾರದ ಪ್ರೈಮರ್ ಇದ್ದರೆ ಕೊರೆಯುವ ಮಾತೇ ಬೇಡ, ಡೈ ಸಮೇತ ತಜ್ಞರಿಗೆ ಕೊಡಿ.

ಹಳೆಯ ಪ್ರೈಮರನ್ನು ಹೊರದೂಡುವ ಪಿನ್ ಮುರಿದಿದ್ದರೆ, ಕೇಸಿನ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ. ನಡುವೆ ಒಂದೇ ತೂತಿದ್ದರೆ ಅದು ಬಾಕ್ಸರ್ ಮಾದರಿ. ಪಕ್ಕಕ್ಕೆ ಎರಡು ಸಣ್ಣ ತೂತುಗಳಿದ್ದರೆ ಬರ್ಡಾನ್ ಮಾದರಿ. ಮಾಮೂಲಿ ಡೈಯ ಪಿನ್ ಬರ್ಡಾನ್ ಕೇಸಿಗೆ ನುಗ್ಗಲಾರದು, ಅಂಥ ಕೇಸುಗಳನ್ನು ಬೇರೆ ತೆಗೆದಿಡಿ. ಹಳೆಯ ಪ್ರೈಮರ್ ಬಂದು, ಹೊಸದು ಮಾತ್ರ ಕೂರದೆ ಅಂಚು ನಜ್ಜಾಗುತ್ತಿದ್ದರೆ ಅದು ಪ್ರೈಮರ್ ಕೂರುವ ಗುಂಡಿಯ ಅಂಚನ್ನು ಕ್ರಿಂಪ್ ಮಾಡಿದ ಮಿಲಿಟರಿ ಕೇಸ್ ಇರಬಹುದು. ಆ ಕ್ರಿಂಪನ್ನು ತೆಗೆದ ಮೇಲೆಯೇ ಹೊಸ ಪ್ರೈಮರ್ ಕೂರುತ್ತದೆ.

ಟ್ರಿಗರ್ ಎಳೆದರೂ ತೋಟೆ ಹಾರಲಿಲ್ಲ

ಟಕ್ ಎಂಬ ಸದ್ದು ಮಾತ್ರ ಬಂದು ಬೇರೇನೂ ಆಗದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು. ಪ್ರೈಮರ್ ಹೊತ್ತಿಕೊಂಡು ಮದ್ದು ತಡವಾಗಿ ಹಾರುವುದುಂಟು. ಬೋಲ್ಟ್ ತೆರೆದ ಗಳಿಗೆಯಲ್ಲಿ ಅದು ಹಾರಿದರೆ ಮುಖಕ್ಕೇ ಅಪಾಯ.

ಕಾದ ನಂತರ ತೋಟೆಯನ್ನು ಹೊರತೆಗೆದು ಪ್ರೈಮರಿನ ಮೇಲಿನ ಗುಳಿಯನ್ನು ನೋಡಿ. ಗುಳಿ ಆಳವಾಗಿದ್ದರೆ ಪ್ರೈಮರಿನಲ್ಲೇ ದೋಷವಿರಬಹುದು, ಅಥವಾ ಅದಕ್ಕೆ ಎಣ್ಣೆ ತಗುಲಿರಬಹುದು. ಲ್ಯೂಬ್ ಮೆತ್ತಿದ ಬೆರಳಲ್ಲೇ ಪ್ರೈಮರ್ ಮುಟ್ಟುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿ. ಗುಳಿ ಮೇಲುಮೇಲಾಗಿದ್ದರೆ ಎರಡು ಸಾಧ್ಯತೆಗಳಿವೆ. ಪ್ರೈಮರ್ ಗುಂಡಿಯ ತಳ ಮುಟ್ಟದೆ ಮೇಲೆಯೇ ನಿಂತಿದ್ದು, ಫೈರಿಂಗ್ ಪಿನ್ನಿನ ಪೆಟ್ಟು ಅದನ್ನು ಒಳಗೆ ತಳ್ಳುವುದರಲ್ಲೇ ಖರ್ಚಾಗಿದೆ, ಇಲ್ಲವೇ ಪಿನ್ನಿನ ಸ್ಪ್ರಿಂಗ್ ಸೋತಿದೆ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಅದೇ ಸಲ ತುಂಬಿದ ಉಳಿದ ತೋಟೆಗಳನ್ನು ಗಾಜಿನ ಹಲಗೆಯ ಮೇಲೆ ಒಂದೊಂದಾಗಿ ನಿಲ್ಲಿಸಿ, ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ. ಅಲುಗಾಡಿದ ತೋಟೆಯ ಪ್ರೈಮರ್ ಮೇಲೆದ್ದಿದೆ ಎಂದೇ ಲೆಕ್ಕ. ಸರಿಯಾಗಿ ಕೂತ ಪ್ರೈಮರ್ ಬುಡದ ಮಟ್ಟಕ್ಕಿಂತ 0.003ರಿಂದ 0.005 ಅಂಗುಲದಷ್ಟು ಒಳಗಿರುತ್ತದೆ, ಉಗುರು ಎಳೆದರೂ ಗೊತ್ತಾಗುತ್ತದೆ. ಮೇಲೆದ್ದ ಪ್ರೈಮರ್ ಸೆಮಿ ಆಟೋಮ್ಯಾಟಿಕ್ ಬಂದೂಕಿನಲ್ಲಿ ಬೋಲ್ಟ್ ಮುಚ್ಚುವ ರಭಸಕ್ಕೇ ಹಾರಿಬಿಡಬಹುದು, ಹಾಗಾಗಿ ಇದನ್ನು ಬರೀ ಹಾರದ ತೊಂದರೆ ಎಂದು ಭಾವಿಸಬೇಡಿ. ಮದ್ದು ತುಂಬಿದ ತೋಟೆಯ ಪ್ರೈಮರನ್ನು ಪ್ರೆಸ್ಸಿನಲ್ಲಿ ಇನ್ನಷ್ಟು ಒತ್ತಿ ಸರಿಪಡಿಸುವ ಯೋಚನೆ ಬೇಡ, ತೋಟೆಯನ್ನು ಬಿಚ್ಚಿ.

ಗಾಜಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದು, ಕಾರ್ಖಾನೆಯ ತೋಟೆಗಳೂ ಹಾರದೆ ಉಳಿಯುತ್ತಿದ್ದರೆ ದೋಷ ಬಂದೂಕಿನದು.

ಸದ್ದು ಸಣ್ಣದಾಗಿತ್ತು, ಭುಜಕ್ಕೆ ಹಿನ್ನೊದೆ ತಾಗಲಿಲ್ಲ

ಇದು ಎಲ್ಲಕ್ಕಿಂತ ಅಪಾಯಕಾರಿ ಲಕ್ಷಣ, ಮತ್ತು ಸಾಲಾಗಿ ಗುಂಡು ಹಾರಿಸುವ ಉತ್ಸಾಹದಲ್ಲಿ ಗಮನದಿಂದ ಜಾರುವ ಲಕ್ಷಣವೂ ಹೌದು. ಮದ್ದೇ ಇಲ್ಲದ ಅಥವಾ ತೀರಾ ಕಡಿಮೆ ಇರುವ ತೋಟೆಯಲ್ಲಿ ಪ್ರೈಮರ್ ಒಂದೇ ಹೊತ್ತಿಕೊಳ್ಳುತ್ತದೆ. ಗುಂಡನ್ನು ಕೇಸಿನಿಂದ ಕಿತ್ತು ನಳಿಗೆಯೊಳಗೆ ಒಂದಷ್ಟು ದೂರ ತಳ್ಳಲು ಅದರ ಬಲ ಸಾಕಾಗುತ್ತದೆ, ಹೊರದಬ್ಬಲು ಸಾಲುವುದಿಲ್ಲ. ನಳಿಗೆಯಲ್ಲಿ ಹೂತ ಗುಂಡಿನ ಹಿಂದೆ ಇನ್ನೊಂದು ತೋಟೆಯನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ.

ಸದ್ದು ಬೇರೆಯಾಗಿ ಕೇಳಿಸಿದ ತಕ್ಷಣ ನಿಲ್ಲಿಸಿ. ಪಕ್ಕದವರ ಬಂದೂಕಿನಿಂದ ಅಂಥ ಸದ್ದು ಬಂದರೆ ಅವರನ್ನೂ ಕೂಗಿ ನಿಲ್ಲಿಸಿ. ಹಿಂದೆ ಹೇಳಿದಂತೆ 30 ಸೆಕೆಂಡ್ ಕಾದು, ಬಂದೂಕನ್ನು ಪೂರ್ತಿ ಖಾಲಿ ಮಾಡಿ. ಬೋಲ್ಟ್ ಕಳಚಿ ಹಿಂಬದಿಯಿಂದ ನಳಿಗೆಯೊಳಗೆ ನೋಡಿ. ಬೋಲ್ಟ್ ಕಳಚಲಾಗದ ಬಂದೂಕಾದರೆ, ಚೇಂಬರ್ ಖಾಲಿಯಿದೆ ಎಂದು ಎರಡೆರಡು ಸಲ ಖಚಿತಪಡಿಸಿಕೊಂಡು, ಶುಚಿ ಮಾಡುವ ಸಲಾಕೆಯನ್ನು ನಳಿಗೆಗೆ ಇಳಿಸಿ, ಅದು ಎಷ್ಟು ದೂರ ಹೋಗುತ್ತದೆ ಎಂದು ಗುರುತು ಮಾಡಿ. ಬೆಳಕು ತೂರಿ ಬರದಿದ್ದರೆ ಅಥವಾ ಸಲಾಕೆ ನಡುವೆ ತಡೆದರೆ ಗುಂಡು ಅಲ್ಲಿದೆ. ಅಳತೆಗೆ ಸರಿಯಾದ ಹಿತ್ತಾಳೆಯ ಸಲಾಕೆಯಿಂದ ಗುಂಡನ್ನು ಹೊರದೂಡಲು ಬರುತ್ತದಾದರೂ, ಮೊದಲ ಸಲದವರು ಅದನ್ನು ಬಂದೂಕು ತಜ್ಞರಿಗೆ ಬಿಡುವುದೇ ಸರಿ. ಇನ್ನೊಂದು ತೋಟೆ ಹಾರಿಸಿ ಗುಂಡನ್ನು ಹೊರದಬ್ಬುವ ಆಲೋಚನೆ ಯಾವ ಕಾರಣಕ್ಕೂ ಬರಬಾರದು.

ಆ ಸಲ ತುಂಬಿದ ಅಷ್ಟೂ ತೋಟೆಗಳನ್ನು ಈಗ ಅನುಮಾನದಿಂದಲೇ ನೋಡಬೇಕು. ಒಂದರಲ್ಲಿ ಮದ್ದು ಬೀಳದಿದ್ದರೆ, ಆ ಪಾಲು ಮುಂದಿನದರಲ್ಲಿ ಸೇರಿ ಎರಡು ಪಟ್ಟಾಗಿರಲೂಬಹುದು. ಕಡ್ಡಿಯಾಕಾರದ ಮದ್ದಿನ ಕಾಳುಗಳು ಅಳತೆ ಯಂತ್ರದ ಕಿರಿದಾದ ಕೊಳವೆಯಲ್ಲಿ ಅಡ್ಡಡ್ಡ ಸಿಕ್ಕಿ ಸೇತುವೆ ಕಟ್ಟಿಕೊಳ್ಳುವುದರಿಂದ ಹೀಗಾಗುತ್ತದೆ. ಪ್ರತಿ ತೋಟೆಯನ್ನು ತೂಗಿ ತಪ್ಪನ್ನು ಹಿಡಿಯಲು ಹೊರಟರೆ ಮೋಸ ಹೋಗುತ್ತೀರಿ. ಪಿಸ್ತೂಲಿನ ತೋಟೆಯಲ್ಲಿ ಮದ್ದಿನ ತೂಕ ಕೆಲವೇ ಗ್ರೇನ್ (ಮದ್ದು ತೂಗುವ ಸಣ್ಣ ಮಾನ), ಬೇರೆ ಬೇರೆ ಕಾರ್ಖಾನೆಯ ಕೇಸುಗಳ ತೂಕದ ವ್ಯತ್ಯಾಸವೇ ಅದಕ್ಕಿಂತ ಹೆಚ್ಚಿರಬಹುದು. ಬಿಚ್ಚಿ ನೋಡುವುದೊಂದೇ ಖಾತರಿ.

ಮುಂದೆ ಹೀಗಾಗದಿರಲು, ಮದ್ದು ಸುರಿದ ಕೇಸುಗಳನ್ನೆಲ್ಲ ಮರದ ಅಚ್ಚಿನಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಒಂದೊಂದರ ಒಳಮಟ್ಟವನ್ನೂ ನೋಡಿ. ಕೈಪಿಡಿಯಲ್ಲಿ ಆಯ್ಕೆಯಿದ್ದಾಗ, ಒಂದು ಭರ್ತಿಗೇ ಕೇಸಿನ ಅರ್ಧಕ್ಕಿಂತ ಹೆಚ್ಚು ತುಂಬುವ ಮದ್ದನ್ನು ಆರಿಸಿಕೊಳ್ಳಿ. ಎರಡು ಪಾಲು ಬಿದ್ದರೆ ಅದು ಉಕ್ಕಿ ಹೊರಚೆಲ್ಲುತ್ತದೆ.

ತಕ್ಕಡಿ ಒಂದೊಂದು ಸಲ ಒಂದೊಂದು ತೂಕ ತೋರಿಸುತ್ತಿದೆ

ಅಂಕಿಗಿಂತ ಮೊದಲು ತಕ್ಕಡಿಯಲ್ಲಿರುವ ಮಾನವನ್ನು ಓದಿ. ಒಂದು ಗ್ರಾಮಿಗೆ 15.43 ಗ್ರೇನ್. ಗುಂಡಿಯೊಂದು ಗೊತ್ತಾಗದೆ ಒತ್ತಿಹೋಗಿ ಗ್ರೇನ್ ಬದಲು ಗ್ರಾಂ ಬಂದಿದ್ದರೆ ಆ ತಪ್ಪು ಪ್ರಾಣಕ್ಕೇ ಬರಬಹುದು. ಆಮೇಲೆ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಮೊಬೈಲ್ ದೂರವಿಟ್ಟು, ತಕ್ಕಡಿ ಸಮತಟ್ಟಾಗಿದೆಯೇ ನೋಡಿ. ಇಲೆಕ್ಟ್ರಾನಿಕ್ ತಕ್ಕಡಿಯನ್ನು ಕೆಲಸಕ್ಕೆ ಬಹಳ ಮುಂಚೆಯೇ ಚಾಲೂ ಮಾಡಿ, ಬಿಸಿಯಾಗಿ ನೆಲೆಗೊಳ್ಳಲು ಬಿಡಬೇಕು. ಇಷ್ಟರಲ್ಲೇ ಬಹಳಷ್ಟು ಓಲಾಟ ನಿಲ್ಲುತ್ತದೆ.

ನಿಲ್ಲದಿದ್ದರೆ ಪರೀಕ್ಷಾ ಬಟ್ಟುಗಳನ್ನು ಇಟ್ಟು ನೋಡಿ. ಇಡುವ ಬಟ್ಟು ನೀವು ತೂಗಲಿರುವ ಮದ್ದಿನ ತೂಕಕ್ಕೆ ಹತ್ತಿರದ್ದಾಗಿರಲಿ, ದೊಡ್ಡ ಬಟ್ಟಿಗೆ ಸರಿ ಹೇಳುವ ತಕ್ಕಡಿ ಸಣ್ಣದಕ್ಕೆ ತಪ್ಪು ಹೇಳಬಹುದು. 5 ಗ್ರೇನಿನ ಭರ್ತಿಯಲ್ಲಿ ಅರ್ಧ ಗ್ರೇನ್ ಹೆಚ್ಚಾದರೆ ಅದು ಶೇಕಡ 10ರಷ್ಟು ಹೆಚ್ಚು ಎಂಬುದು ನೆನಪಿರಲಿ. ದಂಡ ತಕ್ಕಡಿಯಲ್ಲಿ ಓಲಾಟ ಬಂದರೆ, ದಂಡ ಕೂರುವ ಅಲಗಿನಲ್ಲಿ ದೂಳೋ ಒಂದು ಕಾಳು ಮದ್ದೋ ಸಿಕ್ಕಿರುತ್ತದೆ, ಒಣ ಬ್ರಷ್ಷಿನಿಂದ ತೆಗೆದರೆ ಸಾಕು. ತಕ್ಕಡಿ ನಿಖರವಾಗಿದ್ದೂ ಭರ್ತಿ ಏರುಪೇರಾದರೆ ಅಳತೆ ಯಂತ್ರವನ್ನು ನೋಡಬೇಕು. ಅದರ ಡಬ್ಬಿಯಲ್ಲಿ ಮದ್ದು ಅರ್ಧಕ್ಕಿಂತ ಕೆಳಗಿಳಿಯದಂತೆ, ಹಿಡಿಯನ್ನು ಎಳೆಯುವ ಲಯ ಬದಲಾಗದಂತೆ ಕೆಲಸ ಮಾಡಿ. ಮುಗಿದ ಮೇಲೆ ಮದ್ದನ್ನು ಅದರ ಮೂಲ ಡಬ್ಬಿಗೇ ಹಿಂತಿರುಗಿಸಿ, ಮೇಜಿನ ಮೇಲೆ ಯಾವಾಗಲೂ ಒಂದೇ ಮದ್ದು ಇರಲಿ.

ಬೋಲ್ಟ್ ಎತ್ತಲು ಬಿಗಿಯಾಗಿದೆ, ಪ್ರೈಮರ್ ಚಪ್ಪಟೆಯಾಗಿದೆ

ಇವು ಒತ್ತಡ ಮಿತಿ ಮೀರುತ್ತಿರುವುದರ ಗುರುತುಗಳು. ಪ್ರೈಮರಿನ ದುಂಡಗಿನ ಅಂಚು ಕರಗಿ ಗುಂಡಿಯ ಗೋಡೆಗೆ ಸೇರಿಹೋಗಿರುವುದು, ಪಿನ್ ತಾಗಿದ ಗುಳಿಯ ಸುತ್ತ ದಿಂಡು ಎದ್ದಿರುವುದು, ಪ್ರೈಮರ್ ತೂತಾಗಿ ಕಪ್ಪು ಮಸಿ ಹೊರಬಂದಿರುವುದು, ಬುಡದ ಮೇಲೆ, ಖಾಲಿ ಕೇಸನ್ನು ಹೊರಚಿಮ್ಮಿಸುವ ಇಜೆಕ್ಟರಿನ ಹೊಳೆಯುವ ಅಚ್ಚು ಬಿದ್ದಿರುವುದು ಇವೆಲ್ಲ ಅದೇ ಮಾತನ್ನು ಹೇಳುತ್ತವೆ. ಒಂದು ಕಂಡರೂ ಆ ಸಲದ ತೋಟೆಗಳನ್ನು ಹಾರಿಸುವುದನ್ನು ನಿಲ್ಲಿಸಬೇಕು.

ಆದರೆ ಈ ಗುರುತುಗಳು ಕಾಣದಿರುವುದು ಸುರಕ್ಷತೆಯ ಪುರಾವೆಯಲ್ಲ. ಅಮೆರಿಕದ ಬಂದೂಕು ಮತ್ತು ತೋಟೆ ತಯಾರಕರ ಸಂಸ್ಥೆಯಾದ ಸಾಮಿಯ (SAAMI) ಮಾನದಂಡದಲ್ಲಿ .308 ವಿಂಚೆಸ್ಟರಿನ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 62,000 ಪೌಂಡ್, ಅಂದರೆ 62,000 ಪಿಎಸ್‌ಐ, ಪಿಸ್ತೂಲಿನ ತೋಟೆಗಳಾದ 9 ಮಿಮೀ ಲೂಗರಿನದು 35,000, .45 ಎಸಿಪಿಯದು 21,000 ಮಾತ್ರ. ಪ್ರೈಮರ್ ಚಪ್ಪಟೆಯಾಗುವಷ್ಟು ಒತ್ತಡ .45 ಎಸಿಪಿಯಲ್ಲಿ ಬರುವ ಹೊತ್ತಿಗೆ ಅದರ ಮಿತಿ ಎಂದೋ ದಾಟಿರುತ್ತದೆ. ಪ್ರೈಮರ್ ನೋಡಿ ಮದ್ದು ಏರಿಸುತ್ತ ಹೋಗುವ ಪದ್ಧತಿಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಏರಿಕೆಯ ಮಿತಿ ಕೈಪಿಡಿಯಲ್ಲಿದೆ, ಕೇಸಿನ ಬುಡದಲ್ಲಿಲ್ಲ.

ಕಾರಣ ಹುಡುಕುವಾಗ ಮೊದಲು ಡಬ್ಬಿಯ ಮೇಲಿನ ಮದ್ದಿನ ಹೆಸರನ್ನು ಅಕ್ಷರಕ್ಕೆ ಅಕ್ಷರ ಓದಿ. ಹತ್ತಿರ ಹತ್ತಿರದ ಹೆಸರಿನ, ತೀರಾ ಬೇರೆ ವೇಗದಲ್ಲಿ ಉರಿಯುವ ಮದ್ದುಗಳಿವೆ. ನಂತರ ತಕ್ಕಡಿ, ನಂತರ ಕೇಸಿನ ಉದ್ದ. ಇವು ಸರಿಯಿದ್ದರೆ ಇತ್ತೀಚೆಗೆ ಏನು ಬದಲಾಯಿತು ಎಂದು ಪುಸ್ತಕ ತೆರೆದು ನೋಡಿ. ಹೆಚ್ಚು ಜೋರಾಗಿ ಹೊತ್ತುವ ಮ್ಯಾಗ್ನಮ್ ಪ್ರೈಮರ್ ಬಂದಿರಬಹುದು, ಅದೇ ತೂಕದ ಬೇರೆ ತಯಾರಕರ ಗುಂಡು ಬಂದಿರಬಹುದು, ಅಥವಾ ಗೋಡೆ ದಪ್ಪಗಿದ್ದು ಒಳಜಾಗ ಕಡಿಮೆಯಿರುವ ಮಿಲಿಟರಿ ಕೇಸ್ ಸೇರಿರಬಹುದು. ಇವುಗಳಲ್ಲಿ ಯಾವುದು ಬದಲಾದರೂ ಕೈಪಿಡಿಯ ಆರಂಭಿಕ ಭರ್ತಿಗೆ ಇಳಿದು ಮತ್ತೆ ಮೇಲೇರಬೇಕು. ಹಾಗೆಂದು ಆರಂಭಿಕ ಭರ್ತಿಗಿಂತಲೂ ಕೆಳಗಿಳಿಯುವುದು ಸುರಕ್ಷಿತವಲ್ಲ.

ಪಿಸ್ತೂಲಿನಲ್ಲಿ ಇನ್ನೊಂದು ಗುಪ್ತ ಕಾರಣವಿದೆ. ಕತ್ತಿನ ಹಿಡಿತ ಸಡಿಲವಾಗಿದ್ದರೆ, ಮ್ಯಾಗಜಿನಿನಿಂದ ಚೇಂಬರಿಗೆ ಹೋಗುವ ಹೊಡೆತಕ್ಕೆ ಗುಂಡು ಕೇಸಿನೊಳಗೆ ಹಿಂದಕ್ಕೆ ಕುಸಿಯುತ್ತದೆ. ಒಳಜಾಗ ಕಿರಿದಾದಷ್ಟೂ ಒತ್ತಡ ಏರುತ್ತದೆ. ತೋಟೆಯ ಉದ್ದವನ್ನು ಅಳೆದು, ಗುಂಡಿನ ಮೂತಿಯನ್ನು ಮೇಜಿನ ಅಂಚಿಗೆ ಹೆಬ್ಬೆರಳ ಬಲದಿಂದ ಒತ್ತಿ, ಮತ್ತೆ ಅಳೆಯಿರಿ. ಉದ್ದ ಕಡಿಮೆಯಾಗಿದ್ದರೆ ಡೈಯ ಹೊಂದಾಣಿಕೆ ತಪ್ಪಿದೆ.

ಕೇಸಿನ ಕತ್ತು ಸೀಳಿದೆ, ಅಥವಾ ಬುಡದ ಮೇಲೆ ಹೊಳೆಯುವ ಉಂಗುರ ಕಾಣುತ್ತಿದೆ

ಕತ್ತಿನ ಸೀಳು ಹಿತ್ತಾಳೆಯ ವಯಸ್ಸಿನ ಲಕ್ಷಣ. ಮತ್ತೆ ಮತ್ತೆ ಹಿಗ್ಗಿ ಕುಗ್ಗಿದ ಲೋಹ ಗಡುಸಾಗಿ ಬಿರಿಯುತ್ತದೆ. ಅಂಥ ಕೇಸನ್ನು ಎಸೆಯಿರಿ. ಹೆಚ್ಚು ಸಲ ಬಳಸದ ಕೇಸುಗಳೂ ಬಿರಿಯುತ್ತಿದ್ದರೆ, ತೊಳೆಯುವ ದ್ರಾವಣದಲ್ಲಿ ಅಮೋನಿಯಾ ಇದೆಯೇ ನೋಡಿ. ಬ್ರಿಟಿಷರ ಕಾಲದ ಭಾರತದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ತೋಟೆಗಳು ತಾವಾಗಿಯೇ ಬಿರಿಯುತ್ತಿದ್ದವು. ಲಾಯದ ಗಾಳಿಯಲ್ಲಿದ್ದ ಅಮೋನಿಯಾ, ಹಿತ್ತಾಳೆಯೊಳಗೆ ಉಳಿದ ಬಿಗಿತದೊಂದಿಗೆ ಸೇರಿ ಹೀಗೆ ಮಾಡುತ್ತಿತ್ತು ಎಂಬ ವಿವರಣೆ ಖಚಿತವಾದದ್ದು 1921ರಲ್ಲಿ. ಹೊಳಪಿಗಾಗಿ ಅಮೋನಿಯಾ ಬಳಸಿದರೆ ಅದೇ ಹಾನಿ ಮನೆಯ ಮೇಜಿನ ಮೇಲೂ ಆಗುತ್ತದೆ.

ಬುಡಕ್ಕಿಂತ ಸ್ವಲ್ಪ ಮೇಲೆ ಕೇಸನ್ನು ಸುತ್ತುವರಿದ ಹೊಳೆಯುವ ಗೆರೆ ಇದಕ್ಕಿಂತ ಗಂಭೀರ. ಅಲ್ಲಿ ಗೋಡೆ ತೆಳ್ಳಗಾಗಿದ್ದು, ಮುಂದಿನ ಹೊಡೆತಕ್ಕೆ ಬುಡ ಕಳಚಿ ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು. ಪೇಪರ್ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಸಣ್ಣ ಕೊಕ್ಕೆಯಂತೆ ಬಗ್ಗಿಸಿ, ಕೇಸಿನೊಳಗೆ ಬುಡದವರೆಗೆ ಇಳಿಸಿ, ಗೋಡೆಗೆ ಒತ್ತುತ್ತ ಮೇಲಕ್ಕೆ ಎಳೆಯಿರಿ. ಗೆರೆಯಿರುವ ಜಾಗದಲ್ಲಿ ಕೊಕ್ಕೆ ತಡೆದು ಸಣ್ಣ ತಗ್ಗಿಗೆ ಬಿದ್ದಂತೆ ಬೆರಳಿಗೆ ತಿಳಿದರೆ ಆ ಕೇಸ್ ಮುಗಿಯಿತು. ಅದರ ಜೊತೆಗೆ ಅಷ್ಟೇ ಸಲ ಹಾರಿದ ಕೇಸುಗಳನ್ನೆಲ್ಲ ಹೀಗೇ ಪರೀಕ್ಷಿಸಬೇಕು. ಡೈ ಭುಜವನ್ನು ಅಗತ್ಯಕ್ಕಿಂತ ಹಿಂದೆ ತಳ್ಳುತ್ತಿರುವುದು ಇದಕ್ಕೆ ಸಾಮಾನ್ಯ ಕಾರಣ. ಡೈ ಸರಿಪಡಿಸಿದ ಮೇಲೂ, ಅಥವಾ ಕಾರ್ಖಾನೆಯ ಹೊಸ ತೋಟೆಗಳಲ್ಲೂ ಗೆರೆ ಕಂಡರೆ, ಮುಚ್ಚಿದ ಬೋಲ್ಟಿಗೂ ಚೇಂಬರಿನಲ್ಲಿ ತೋಟೆ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರವಾದ ಬಂದೂಕಿನ ಹೆಡ್‌ಸ್ಪೇಸ್ ಅಳೆಸಬೇಕು.

ಗುಂಡುಗಳು ಗುರಿಯ ಮೇಲೆ ಚದುರುತ್ತಿವೆ

ತೋಟೆಯನ್ನು ದೂರುವ ಮೊದಲು ದುರ್ಬೀನಿನ ಸ್ಕ್ರೂಗಳನ್ನು ಬಿಗಿಮಾಡಿ, ನಳಿಗೆಯನ್ನು ಶುಚಿಮಾಡಿ, ಕಾರ್ಖಾನೆಯ ತೋಟೆಗಳನ್ನು ಹಾರಿಸಿ ಹೋಲಿಸಿ. ಅವು ಕೂಡಿ ಬಿದ್ದು ನಿಮ್ಮವು ಮಾತ್ರ ಚದುರಿದರೆ ಕ್ರೋನೋಗ್ರಾಫಿನಲ್ಲಿ ವೇಗ ನೋಡಿ. ವೇಗ ಏರುಪೇರಾಗಿದ್ದರೆ ಮದ್ದಿನ ತೂಕ ಅಥವಾ ಕತ್ತಿನ ಹಿಡಿತ, ವೇಗ ಸಮವಾಗಿದ್ದರೆ ಗುಂಡಿನ ಆಯ್ಕೆ ಅಥವಾ ಅದು ಕೂತ ಆಳ.

ಯಾವ ಸಲಕರಣೆಗೆ ಮೊದಲು ಹಣ ಹಾಕಬೇಕು

ಮೇಲಿನ ದೋಷಗಳನ್ನು ಓದಿದವರಿಗೆ ಉತ್ತರ ಸಿಕ್ಕಿರಬೇಕು. ಗಂಟೆಗೆ ನೂರಾರು ತೋಟೆ ಕೊಡುವ ಪ್ರೊಗ್ರೆಸ್ಸಿವ್ ಪ್ರೆಸ್ಸನ್ನು ಮೊದಲಿಗೇ ಕೊಳ್ಳಬೇಡಿ. ಅದರಲ್ಲಿ ಒಂದು ಎಳೆತಕ್ಕೆ ನಾಲ್ಕೈದು ಕೆಲಸಗಳು ಒಟ್ಟಿಗೇ ನಡೆಯುವುದರಿಂದ, ಎಲ್ಲಿ ಏನು ತಪ್ಪಿತು ಎಂದು ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಸಿಂಗಲ್ ಸ್ಟೇಜ್ ಪ್ರೆಸ್ ನಿಧಾನ, ಆದರೆ ಪ್ರತಿ ಹಂತವೂ ಕೈಗೆ ತಿಳಿಯುತ್ತದೆ, ಎಲ್ಲ ಕೇಸುಗಳೂ ಒಂದು ಹಂತ ಮುಗಿಸಿಯೇ ಮುಂದಿನದಕ್ಕೆ ಹೋಗುತ್ತವೆ. ಉಳಿಸಿದ ಹಣವನ್ನು ಒಳ್ಳೆಯ ಕ್ಯಾಲಿಪರ್, ತಕ್ಕಡಿ, ಪರೀಕ್ಷಾ ಬಟ್ಟು, ನಿಮ್ಮ ಕ್ಯಾಲಿಬರಿನ ಕೇಸ್ ಗೇಜ್, ಗುಂಡು ಕೀಳುವ ಸುತ್ತಿಗೆ ಮತ್ತು ಇತ್ತೀಚಿನ ಕೈಪಿಡಿಗೆ ಹಾಕಿ. ಕಣ್ಣಿಗೆ ಕನ್ನಡಕವಿಲ್ಲದೆ ಪ್ರೈಮರ್ ಮುಟ್ಟಬಾರದು. ಹಾರಿದ ಪ್ರೈಮರಿನ ಮಸಿಯಲ್ಲಿ ಸೀಸ ಇರುವುದರಿಂದ ಕೇಸ್ ಉಜ್ಜುವ ಯಂತ್ರ ಅಡುಗೆಮನೆಯಿಂದ ಮತ್ತು ಮಕ್ಕಳಿಂದ ದೂರವಿರಲಿ, ಕೆಲಸದ ನಡುವೆ ತಿನ್ನುವುದು ಕುಡಿಯುವುದು ಬೇಡ, ಮುಗಿದ ಮೇಲೆ ಕೈಗಳನ್ನು ಸೋಪಿನಿಂದ ತೊಳೆಯಿರಿ.

ಅನುಮಾನದ ತೋಟೆಗಳು, ಮತ್ತು ತಜ್ಞರ ಬಳಿ ಹೋಗಬೇಕಾದ ಹೊತ್ತು

ಗುಂಡು ಕೀಳುವ ಸುತ್ತಿಗೆಯಿಂದ ತೋಟೆ ಬಿಚ್ಚುವಾಗ ಅದರ ಜೊತೆ ಬಂದ, ತೋಟೆಯ ಬುಡವನ್ನು ಹಿಡಿಯುವ ಭಾಗವನ್ನೇ ಬಳಸಿ, ಬುಡದ ಅಂಚಿನೊಳಗೇ ಕಿಡಿಮದ್ದು ಇರುವ ರಿಮ್‌ಫೈರ್ ತೋಟೆಗಳನ್ನು ಅದರಲ್ಲಿ ಎಂದೂ ಹಾಕಬೇಡಿ. ಹೊರಬಂದ ಮದ್ದಿನ ಹೆಸರು ಖಚಿತವಿಲ್ಲದಿದ್ದರೆ ಮರುಬಳಕೆ ಇಲ್ಲ. ಡಬ್ಬಿ ತೆರೆದಾಗ ಹುಳಿ ಘಾಟು ಬಂದರೆ, ಕೆಂಪು ಮಿಶ್ರಿತ ಕಂದು ದೂಳು ಕಂಡರೆ ಮದ್ದು ಕೆಟ್ಟಿದೆ. ಅದು ತಾನಾಗಿ ಹೊತ್ತಿಕೊಳ್ಳಬಲ್ಲದು, ತಯಾರಕರು ಹೇಳಿದ ರೀತಿಯಲ್ಲಿ ಕೂಡಲೇ ವಿಲೇವಾರಿ ಮಾಡಿ.

ನಳಿಗೆಯಲ್ಲಿ ಗುಂಡು ಸಿಕ್ಕಿದ್ದರೆ, ನಳಿಗೆಯ ಮೇಲೆ ಬೆರಳಿಗೆ ತಿಳಿಯುವ ಉಬ್ಬಿದ್ದರೆ, ಬುಡ ಕಳಚಿ ಕೇಸಿನ ಮುಂಭಾಗ ಚೇಂಬರಿನಲ್ಲೇ ಉಳಿದಿದ್ದರೆ, ಅಥವಾ ಪ್ರೈಮರ್ ತೂತಾಗಿದ್ದರೆ ಆ ಬಂದೂಕಿನಿಂದ ಇನ್ನೊಂದು ಗುಂಡೂ ಹಾರಬಾರದು. ತಜ್ಞರ ಬಳಿ ಹೋಗುವಾಗ ಬಂದೂಕಿನೊಂದಿಗೆ ತೊಂದರೆ ಕೊಟ್ಟ ಖಾಲಿ ಕೇಸ್, ಅದೇ ಸಲ ತುಂಬಿದ ಹಾರದ ತೋಟೆಗಳು ಬೇರೆ ಪೆಟ್ಟಿಗೆಯಲ್ಲಿ, ಮತ್ತು ಭರ್ತಿಯ ವಿವರ ಬರೆದ ಪುಸ್ತಕ ಇರಲಿ. ಕೇಸನ್ನು ಒರೆಸಿ ಹೊಳಪು ಮಾಡಿ ಕೊಡಬೇಡಿ, ಅದರ ಮೇಲಿನ ಮಸಿಯ ಗುರುತುಗಳನ್ನೂ ಅವರು ಓದಬೇಕಾಗುತ್ತದೆ.